ಬೆರಳಗಲದ ತೂತು

ಸಾಹುಕಾರ ನಾಗಭೂಷಣ್ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ, ದೂರದೂರಿನವರೊಂದಿಗೆ ಮಾತಾಡುವ ಹ್ಯಾಮ್ ರೇಡಿಯೊದ ಮೈಕನ್ನು ಕೈಗೆತ್ತಿಕೊಂಡ. "ಬೆಳಿಗ್ಗೆಯಿಂದ ಮೂರು ಫ್ಯೂಸ್ ಹೋದವು. ಇದು ಹೆಂಗೆ ಹೋಗ್ತೈತೆ ನೋಡಾಣ."

ಹರಿಹರದ ಸೇತುವೆ ಪಕ್ಕ ನಿಂತಿದ್ದ ಅವನ ಹೊಸ ಕಾರಿನಲ್ಲಿ ಆ ರೇಡಿಯೊಗೆ ಬಲ ಕೊಡುವ ಐನೂರು ವ್ಯಾಟಿನ ಆಂಪ್ಲಿಫೈಯರ್ ಕೂತಿತ್ತು. ಅಷ್ಟು ದೊಡ್ಡ ಯಂತ್ರಕ್ಕೆ ಡ್ಯಾಶ್‌ಬೋರ್ಡಿನ ಸಿಗರೇಟ್ ಲೈಟರಿನಿಂದ, ಮನೆಯ ಬಲ್ಬಿಗೆ ಹಾಕುವಂಥ ತಂತಿಯಲ್ಲಿ ಕರೆಂಟು. ಹೆಬ್ಬೆರಳು ದಪ್ಪದ ವೆಲ್ಡಿಂಗ್ ಕೇಬಲ್ಲನ್ನು ಹೆಗಲಿಗೆ ಹಾಕಿಕೊಂಡು ಎಲೆಕ್ಟ್ರಿಷಿಯನ್ ಚೌಡೇಶ್ ಹೊರಗೆ ನಿಂತಿದ್ದ.

"ಬ್ಯಾಟರಿಯಿಂದಾನೇ ಕೇಬಲ್ ಎಳೀಬೇಕ್ರಿ. ಡ್ಯಾಶ್‌ಬೋರ್ಡಿಗೆ ಬೆರಳಗಲ ಒಂದು ತೂತು ಸಾಕು."

"ಹೊಸ ಗಾಡಿಗೆ ತೂತು ಹೊಡೀತೀಯಾ? ಟ್ರ್ಯಾಕ್ಟರ್ ಹಾರ್ನ್ ರಿಪೇರಿ ಮಾಡೋನಿಗೆ ರೇಡಿಯೊ ಏನ್ ಗೊತ್ತೈತೆ? ದೂರ ನಿಂತ್ಕೋ. ಸೀಟಿಗೆ ಗ್ರೀಸ್ ಹತ್ತೀತು."

ಚೌಡೇಶ್ ದೂರ ನಿಂತ. ಸಾಹುಕಾರ ಗಂಟಲು ಸರಿಮಾಡಿಕೊಂಡು ಮೈಕಿನ ಗುಂಡಿ ಒತ್ತಿದ. ದೇಶವಿದೇಶದ ಮಿತ್ರರಿಗೆ ದಾವಣಗೆರೆಯ ನಮಸ್ಕಾರ ಎಂದು ಶುರುಮಾಡಿದ.

ಅವನು ಹೇಳಿದಂತೆಯೇ ಬೆಳ್ಳಿ ಕಾಗದದ ಫ್ಯೂಸೇನೋ ಹೋಗಲಿಲ್ಲ. ತಂತಿಯೇ ಸುಟ್ಟುಹೋಯಿತು, ಅದರ ಸುತ್ತಲಿನ ಪ್ಲಾಸ್ಟಿಕ್ಕು ಕರಗಿ ಜೋತಾಡಿತು. ನಮಸ್ಕಾರ ಕಾರಿನ ಕಿಟಕಿಯನ್ನೂ ದಾಟಲಿಲ್ಲ. ಚೌಡೇಶ್ ಬಾನೆಟ್ ಎತ್ತಿ ಬ್ಯಾಟರಿಯ ತಂತಿ ಕಳಚಿ ಬರುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಅಂಗೈ ಅಗಲದ ಕರಿ ಬಾಯಿ ತೆರೆದಿತ್ತು. ಸಾಹುಕಾರನ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

ಚೌಡೇಶ್ ಬಾಗಿಲು ತೆಗೆದು, ಹೊಸ ಸೀಟಿನ ಮೇಲೆ ಗ್ರೀಸ್ ಕೈ ಊರಿ ಕೂತ. ಹೆಗಲಿನ ಕೇಬಲ್ ಇಳಿಸಿ, ಅದರ ತುದಿಯನ್ನು ಆ ಬಾಯಿಗೆ ನಿಧಾನವಾಗಿ ತುರುಕಿದ.

"ತೂತು ನೀವೇ ಹೊಡದ್ರಲ್ರಿ ಸಾವ್ಕಾರ್ರೆ. ನಂದು ಅರ್ಧ ಕೆಲಸ ಕಮ್ಮಿ ಆತು."