ಟವೆಲಿನ ಮರೆಯ ವ್ಯಾಪಾರ

ಜಗಲಿಯಲ್ಲಿ ಗಂಡ ಹಾಸಿದ ಟವೆಲಿನ ಅಡಿಯಲ್ಲಿ ಎರಡು ಕೈಗಳು ಅಲುಗಾಡುವುದನ್ನು ಕಂಡು, ಚಹ ತಂದ ಗಣಪಿ ಹೊಸ್ತಿಲಲ್ಲೇ ನಿಂತಳು. ಗಂಡ ದೇವಪ್ಪ ಹಳದೀಪುರದ ಎಮ್ಮೆ ದಲ್ಲಾಳಿ. ಟವೆಲಿನ ಮರೆಯಲ್ಲಿ ಎಷ್ಟು ಬೆರಳು ಹಿಡಿದರೆ ಅಷ್ಟು ದರ, ಬಾಯಿ ಬಿಡುವಂತಿಲ್ಲ. ಆದರೆ ಕೊಟ್ಟಿಗೆಯಲ್ಲಿ ಈಗ ಒಂದು ಎಮ್ಮೆಯೂ ಇರಲಿಲ್ಲ. ಎದುರು ಕೂತವನು ಪಂಚಾಯ್ತಿ ಅಧ್ಯಕ್ಷನಾಗಲು ಹೊರಟ ಭಾಸ್ಕರ. ನಾಳೆ ಮತ ಹಾಕಬೇಕಾದ ಸದಸ್ಯೆ ಗಣಪಿ. ಟೀವಿಯವರು ಕುದುರೆ ವ್ಯಾಪಾರ ಅನ್ನುವುದು ಇದಕ್ಕೇ ಎಂದು ಅವಳಿಗೆ ಹೊಳೆಯಿತು.

“ಆತು,” ಎಂದ ದೇವಪ್ಪ. “ಗಣಪಿ ನಾ ಹೇಳ್ದಂಗೆ ಕೇಳ್ತದೆ.”

ಗಣಪಿ ಲೋಟಗಳನ್ನು ಕೆಳಗಿಟ್ಟು ಟವೆಲನ್ನು ಕಿತ್ತೆಸೆದಳು. ಭಾಸ್ಕರ ಇನ್ನೂ ಗಂಡನ ನಾಲ್ಕು ಬೆರಳು ಹಿಡಿದೇ ಇದ್ದ. ಭಾಸ್ಕರನ ಆ ಕೈಯನ್ನು ಎಳೆದು ಬಾಯಿಗಿಟ್ಟು ಕಚ್ಚಿದಳು. ಹಲ್ಲು ಮೂಳೆಗೆ ತಾಗಿದರೂ ಬಿಡಲಿಲ್ಲ. ಭಾಸ್ಕರ ಚೀರುತ್ತ ಚಹದ ಮೇಲೆ ಉರುಳಿದ. ದೇವಪ್ಪ ಅವಳ ತುರುಬು ಹಿಡಿದು ಜಗ್ಗಿದಷ್ಟೂ ದವಡೆ ಬಿಗಿಯಿತು. ಏನೋ ಲಟಕ್ಕೆಂದ ಮೇಲೆಯೇ ಬಾಯಿ ತೆರೆದಳು.

ರಕ್ತ ಉಗುಳಿ, ಅದೇ ಟವೆಲಿನಲ್ಲಿ ತುಟಿ ಒರೆಸಿಕೊಂಡಳು.

“ಎಮ್ಮೆ ಹಲ್ಲು ನೋಡ್ದೆ ದರ ಮಾಡೂಕಾಗ್ದು ಅಂತ ಇವ್ರೇ ಯಾವಾಗ್ಲೂ ಹೇಳ್ತ್ರು, ಭಾಸ್ಕರಣ್ಣ. ಈಗ ನೋಡಿ ಆತಲ್ಲ?”