ಗುಲಾಮರ ಕಥೆ ಕೇಳಿದ ಮಧ್ಯಾಹ್ನ

ಬೆಲ್ಲದ ಕಾಫಿಯ ವಾಸನೆ ಬಂದರೆ ಇಂದಿಗೂ ನನಗೆ ವನಗೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ನಾನು ಕಾಫಿ ಎಸ್ಟೇಟಿನ ಕೂಲಿಯವರ ಸಾಲುಮನೆಗಳ, ಅಂದರೆ ಲೈನಿನ, ಹುಡುಗಿ; ಸುಧಾ ಆ ಎಸ್ಟೇಟಿನ ಸಾಹುಕಾರರ ಮಗಳು. ಶಾಲೆಯಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ಅಂದು ಮೇಷ್ಟ್ರು ಬಿಳಿಯರ ಹುಡುಗಿಯೊಬ್ಬಳು ಗುಲಾಮರ ಹುಡುಗಿಯ ಗೆಳತಿಯಾದ, ಮನೆಯ ಹಿರಿಯರು ಅವರಿಬ್ಬರನ್ನು ಬೇರೆ ಮಾಡಿದ ಕಥೆ ಹೇಳಿದ್ದರು. ಸುಧಾ ನನ್ನ ಕೈ ಹಿಡಿದುಕೊಂಡು ಅತ್ತಿದ್ದಳು.

ಶಾಲೆ ಬಿಟ್ಟ ಮೇಲೆ ನನ್ನನ್ನು ತನ್ನ ಮನೆಗೆ ಕರೆದೊಯ್ದು ಅದೇ ಕಥೆಯನ್ನು ತನ್ನ ಅಮ್ಮನಿಗೂ ಹೇಳಿದಳು. ನಾನು ಹಿತ್ತಿಲ ಮೆಟ್ಟಿಲ ಕೆಳಗೆ ನಿಂತಿದ್ದೆ. ಅವಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಯ್ಯೋ, ಎಂಥ ಕಲ್ಲು ಮನಸ್ಸಿನ ಜನ ಕಣೆ ಆ ಬಿಳಿಯರು!” ಎಂದರು. ಗೋಡೆಯ ಮೇಲೆ ಲೈನಿನವರಿಗೆಂದೇ ಇಟ್ಟಿದ್ದ ಸೊಟ್ಟ ಲೋಟವನ್ನು ನಾನು ಎತ್ತಿ ಹಿಡಿದೆ. ಅವರು ಲೋಟಕ್ಕೆ ಪಾತ್ರೆ ತಗುಲದಂತೆ ಮೇಲಿನಿಂದ ಕಾಫಿ ಹುಯ್ದರು.

“ಅಮ್ಮ, ಇವಳಿಗೂ ಒಳಗಿನ ಲೋಟ ಕೊಡು,” ಎಂದಳು ಸುಧಾ.

“ಸುಮ್ನಿರೇ ಮಾರಾಯ್ತಿ, ಅದು ಕಥೆ ಕಣೆ,” ಎಂದು ಅವರು ನಕ್ಕುಬಿಟ್ಟರು.

ಸುಧಾ ತನ್ನ ಕಾಫಿ ಕುಡಿಯಲು ಒಳಗೆ ಹೋದಳು. ನಾನು ಕುಡಿದು, ಲೋಟ ತೊಳೆದು, ಗೋಡೆಯ ಮೇಲೆ ಬೋರಲು ಹಾಕಿದೆ.