ಓರೆ ಬಿಸಿಲಿನ ಪದರ

ಸೂರ್ಯನ ಬೆಳಕು ಕಣ್ಣು ಸುಡುವ ಕಡುನೀಲಿಗೆ ತಿರುಗಿದ ಮೇಲೆ, ಗದಗಿನಲ್ಲಿ ಕೂಸಿನ ಜವಳ ತೆಗೆಸಿದ ದಿನವೇ ಕಣ್ಣಿಗೆ ಆ ನೀಲಿಯನ್ನು ತಡೆಯುವ ಪದರ ಹಾಕಿಸುವುದು ರೂಢಿಯಾಗಿತ್ತು. ಕೂದಲಿನ ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಒಂದೇ ಪದರ, ಜೀವಮಾನಕ್ಕೆಲ್ಲ ಅದೇ. ದಪ್ಪ ತಪ್ಪಿದರೆ ಕಣ್ಣು ಹೋದ ಹಾಗೆಯೇ.

ಇಪ್ಪತ್ತು ವರ್ಷದಿಂದ ಪದರ ಹಾಕುತ್ತಿದ್ದ ದ್ಯಾಮವ್ವ ಬೋಳುತಲೆಯ ಕೂಸನ್ನು ಮಡಿಲಲ್ಲಿಟ್ಟುಕೊಂಡು, ಹೊಸ ತಜ್ಞ ವಿನೀತನ ಕಂಪ್ಯೂಟರ್ ಪರದೆ ನೋಡಿದಳು. ಅವನು ಪದರದ ವಸ್ತು, ದಪ್ಪ ಎರಡನ್ನೂ ತುಂಬಿ ಕಿರಣಗಳನ್ನು ಬಿಟ್ಟಿದ್ದ. ಎಲ್ಲವೂ ನೆಟ್ಟಗೆ ಬಂದು ಪದರಕ್ಕೆ ಬಡಿದು ಹಿಂತಿರುಗಿದವು.

"ಸಾಹೇಬ್ರ, ಸೂರ್ಯ ಏನ್ ನಿಮ್ಮ ಚಪರಾಸಿ ಏನ್ರೀ, ಎದುರಿಗೇ ಬಂದು ನಿಂದ್ರಾಕ? ಕೂಸು ಆಡೂ ಹೊತ್ತಿಗೆ ಬಿಸಿಲು ಓರೆ ಬೀಳ್ತೈತಿ. ಅದಕ್ಕ ಈ ದಪ್ಪ ಸಾಲೂದಿಲ್ಲ."

"ಸಾಫ್ಟ್‌ವೇರ್ ಸರಿ ಅಂದಿದೆಯಮ್ಮ. ನಾನು ಇದನ್ನೇ ಓದಿ ಬಂದವನು."

"ನೀವು ನೆಟ್ಟಗ ಅಂದ್ರಿ, ಅದೂ ನೆಟ್ಟಗ ಅಂತು. ಹೇಳಿದ್ದಕ್ಕೆಲ್ಲ ತಲಿ ಆಡ್ಸಾಕ ಕೋಲೆ ಬಸವ ಸಾಕಾಗ್ತಿತ್ತಲ್ರಿ."

ವಿನೀತ ಮುಖ ಗಂಟಿಕ್ಕಿದ. "ಸುಮ್ಮನೆ ಹಾಕಿ."

"ಹಾಕ್ತೀನ್ರಿ. ನಿಮ್ಮ ಮಗಳ ಜವಳ ಯಾವಾಗ ಐತಿ?"

"ಮುಂದಿನ ವಾರ."

"ಅಕಿಗೂ ಇದ ದಪ್ಪ ಹಾಕೂಣಲ್ರಿ?"

ವಿನೀತ ಕಿರಣದ ಕೋನದ ಜಾಗದಲ್ಲಿದ್ದ ಸೊನ್ನೆಯನ್ನು ಅಳಿಸಿ ಐವತ್ತು ಎಂದು ಬರೆದ. ಪರದೆಯ ಮೇಲೆ ನೀಲಿ ಕಿರಣಗಳು ಪದರ ದಾಟಿ ಕಣ್ಣಿನೊಳಗೆ ನುಗ್ಗಿದವು. ಅವನು ಮೆಲ್ಲಗೆ ದಪ್ಪದ ಲೆಕ್ಕ ತಿದ್ದತೊಡಗಿದ.

ದ್ಯಾಮವ್ವ ಪಕ್ಕದಲ್ಲಿ ಕೂತಿದ್ದ ಕೂಸಿನ ತಾಯಿಯತ್ತ ತಿರುಗಿದಳು. "ನೋಡವಾ, ತಮ್ಮ ಕೂಸು ಅಂದ ಕೂಡ್ಲೆ ಬಿಸಿಲು ಓರೆ ಆತು."